ನೌಕರಿಗೆ ಗಂಟು ಹಾಕಿದ ಆರೋಗ್ಯ

2009ರ ಬೇಸಗೆಯ ಮೂರು ತಿಂಗಳನ್ನು ನಾನು ಅಮೆರಿಕದ ಒಹಾಯೊ ರಾಜ್ಯದಲ್ಲಿ, ಮಗಳ ಮನೆಯಲ್ಲಿ ಕಳೆದೆ. ಹೊರಡುವ ಮುನ್ನ ನಯಾಗರ ನೋಡಬೇಕು, ವಾಷಿಂಗ್ಟನ್ನಿನ ದೊಡ್ಡ ಪುಸ್ತಕಭಂಡಾರ ನೋಡಬೇಕು ಎಂದು ಟಿಪ್ಪಣಿ ಮಾಡಿಕೊಂಡಿದ್ದೆ. ಎರಡನ್ನೂ ನೋಡಿದ್ದಾಯಿತು. ಆದರೆ ಈಗ ಆ ಪ್ರವಾಸವನ್ನು ನೆನೆದಾಗ ಮೊದಲು ಕಣ್ಣಮುಂದೆ ಬರುವುದು ಒಂದು ಜಗಳ. ಇಡೀ ದೇಶವೇ ತೊಡಗಿದ್ದ ಜಗಳ. ಆರೋಗ್ಯವಿಮೆಯ ವ್ಯವಸ್ಥೆಯನ್ನು ಸರ್ಕಾರ ತಿದ್ದಬೇಕೆ, ಬೇಡವೆ ಎಂಬುದು ಅದರ ವಿಷಯ.

ಆ ವರ್ಷ ಅಧ್ಯಕ್ಷ ಬರಾಕ್ ಒಬಾಮ ಅವರು ಆರೋಗ್ಯವಿಮೆಯ ಮಸೂದೆಯೊಂದನ್ನು ಶಾಸನಸಭೆಯ ಮುಂದೆ ತರಲು ಶ್ರಮಿಸುತ್ತಿದ್ದರು. ಆಗಸ್ಟ್ ತಿಂಗಳಲ್ಲಿ ಸಭೆಗೆ ರಜೆ. ಸದಸ್ಯರು ತಮ್ಮ ತಮ್ಮ ಕ್ಷೇತ್ರಗಳಿಗೆ ಹೋಗಿ ಶಾಲೆ, ಸಭಾಭವನಗಳಲ್ಲಿ ಜನರನ್ನು ಕಂಡು ಮಾತನಾಡುವುದು ಅಲ್ಲಿಯ ಪದ್ಧತಿ. ಆ ವರ್ಷ ಆ ಸಭೆಗಳು ರಣರಂಗಗಳಾದವು. ಪ್ರತಿದಿನ ಸಂಜೆ ಟೆಲಿವಿಷನ್ನಿನಲ್ಲಿ ಅವನ್ನು ತೋರಿಸುತ್ತಿದ್ದರು. ನಡುವಯಸ್ಸಿನ ಗೃಹಸ್ಥರು, ಅಜ್ಜಿಯರು ಎದ್ದು ನಿಂತು ಕೂಗುತ್ತಿದ್ದರು. ಕೆಲವರ ಕಣ್ಣಲ್ಲಿ ನೀರು. ದಕ್ಷಿಣ ಕೆರೊಲಿನದ ಒಂದು ಸಭೆಯಲ್ಲಿ ಒಬ್ಬಾತ ಬಾಬ್ ಇಂಗ್ಲಿಸ್ ಎಂಬ ಸದಸ್ಯರಿಗೆ, ಸರ್ಕಾರ ತನ್ನ ಮೆಡಿಕೇರಿನ ತಂಟೆಗೆ ಬರಬಾರದು ಎಂದು ತಾಕೀತು ಮಾಡಿದನಂತೆ. ಮೆಡಿಕೇರ್ ಎಂಬುದು ವೃದ್ಧರಿಗಾಗಿ ಸರ್ಕಾರವೇ ನಡೆಸುವ ವಿಮೆ! ಆ ಸುದ್ದಿಯನ್ನು ಓದಿ ಆ ದೇಶವೆಲ್ಲ ನಕ್ಕಿತು. ನಾನೂ ನಕ್ಕೆ.

ಆ ನಗೆ ಬಹಳ ದಿನ ಉಳಿಯಲಿಲ್ಲ. ಅದಕ್ಕೆ ಕಾರಣ ನಾನಿದ್ದ ಮನೆಯಲ್ಲೇ ಇತ್ತು.

ನನ್ನ ಅಳಿಯ ಒಂದು ದೊಡ್ಡ ಕಾರ್ಖಾನೆಯಲ್ಲಿ ಎಂಜಿನಿಯರ್. ಅವನ ಗೆಳೆಯನೊಬ್ಬ, ಆ ಊರಿನವನೇ, ಯಂತ್ರಗಳ ಬಿಡಿಭಾಗ ತಯಾರಿಸುವ ಸಣ್ಣ ಕಮ್ಮಟವನ್ನು ಇಟ್ಟುಕೊಂಡಿದ್ದ. ನಾಲ್ಕಾರು ಜನರ ಕಸುಬು. ಪಾಲುದಾರನಾಗಿ ಬಾ ಎಂದು ಅವನು ಎರಡು ವರ್ಷಗಳಿಂದ ಅಳಿಯನನ್ನು ಕರೆಯುತ್ತಿದ್ದ. ಅಳಿಯನಿಗೂ ಅದೇ ಆಸೆ. ಒಂದು ರಾತ್ರಿ ಊಟವಾದ ಮೇಲೆ, "ಮತ್ತೇಕೆ ತಡ?" ಎಂದು ಕೇಳಿದೆ. ಅವನು ಮಲಗಿದ್ದ ಮೊಮ್ಮಗನ ಕೋಣೆಯ ಕಡೆ ನೋಡಿದ. "ಇವನಿಗೋಸ್ಕರ, ಮಾವ" ಎಂದ.

ಮೊಮ್ಮಗನಿಗೆ ಆಗ ಆರು ವರ್ಷ. ನಾಲ್ಕನೆಯ ವಯಸ್ಸಿನಲ್ಲೇ ಸಕ್ಕರೆ ರೋಗ ಕಾಣಿಸಿಕೊಂಡು, ದಿನಕ್ಕೆ ಹಲವು ಬಾರಿ ಇನ್ಸುಲಿನ್ ಚುಚ್ಚಬೇಕಾದ ಮಗು. ಔಷಧ, ತಪಾಸಣೆ, ವೈದ್ಯರ ಭೇಟಿ ಎಲ್ಲಕ್ಕೂ ಅಳಿಯನ ಕಾರ್ಖಾನೆ ಕೊಡಿಸಿದ ವಿಮೆಯೇ ಆಧಾರ. ಆ ನೌಕರಿ ಬಿಟ್ಟರೆ ವಿಮೆಯೂ ಹೋಗುತ್ತದೆ. ಕೆಲವು ತಿಂಗಳ ಮಟ್ಟಿಗೆ ಪೂರ್ತಿ ಕಂತನ್ನು ತಾನೇ ಕಟ್ಟಿ ಅದನ್ನು ಉಳಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿತ್ತು, ಆಮೇಲೆ? ಸ್ವಂತವಾಗಿ ವಿಮೆ ಕೊಳ್ಳಲು ಹೋದರೆ, ಮೊದಲೇ ರೋಗವಿರುವ ಮಗುವೆಂದು ವಿಮಾ ಕಂಪನಿ ನಿರಾಕರಿಸಬಹುದು, ಇಲ್ಲವೆ ಕೈಗೆಟುಕದ ಬೆಲೆ ಹೇಳಬಹುದು. ಆದ್ದರಿಂದ ಮೂವತ್ತೆಂಟು ವರ್ಷದ ಆ ಸಮರ್ಥ ಮನುಷ್ಯ ತನಗೆ ಬೇಡವಾದ ಕುರ್ಚಿಯಲ್ಲಿ ಕುಳಿತಿದ್ದ. ಇಂಥ ಸ್ಥಿತಿಗೆ ಅಲ್ಲಿಯ ಅರ್ಥಶಾಸ್ತ್ರಜ್ಞರು ನೌಕರಿಯ ಬೀಗ ಎಂಬರ್ಥದ ಒಂದು ಹೆಸರನ್ನೇ ಇಟ್ಟಿದ್ದಾರೆ.

ಕೇಳುಗ ಮಿತ್ರರೆ, ಒಂದು ಮಗುವಿನ ಔಷಧಕ್ಕೂ ಅದರ ತಂದೆ ಯಾವ ಕಾರ್ಖಾನೆಯಲ್ಲಿ ದುಡಿಯುತ್ತಾನೆ ಎಂಬುದಕ್ಕೂ ಏನು ಸಂಬಂಧ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಊರಿನ ಪುಸ್ತಕಾಲಯದಲ್ಲಿ ಕುಳಿತು ಓದತೊಡಗಿದೆ. ತಿಳಿದುಬಂದದ್ದು ಇಷ್ಟು: ಈ ಗಂಟನ್ನು ಯಾರೂ ಯೋಚಿಸಿ ಹಾಕಿದ್ದಲ್ಲ. ಅದು ತಾನಾಗಿ ಬಿದ್ದದ್ದು.

1929ರಲ್ಲಿ ಟೆಕ್ಸಸ್ ರಾಜ್ಯದ ಡಲ್ಲಾಸ್ ನಗರದ ಬೇಯ್ಲರ್ ಆಸ್ಪತ್ರೆಯ ಆಡಳಿತಕ್ಕೆ ಜಸ್ಟಿನ್ ಫೋರ್ಡ್ ಕಿಂಬಲ್ ಎಂಬವರು ಬಂದರು. ಹಿಂದೆ ಅವರು ಆ ನಗರದ ಶಾಲೆಗಳ ಮೇಲ್ವಿಚಾರಕರಾಗಿದ್ದವರು. ಆಸ್ಪತ್ರೆಯ ಬಾಕಿ ಲೆಕ್ಕಗಳನ್ನು ನೋಡಿದಾಗ ಅವುಗಳಲ್ಲಿ ತಮಗೆ ಪರಿಚಿತರಾದ ಉಪಾಧ್ಯಾಯರ ಹೆಸರುಗಳೇ ಬಹಳ. ಅವರೊಂದು ಉಪಾಯ ಮಾಡಿದರು. ಪ್ರತಿಯೊಬ್ಬ ಉಪಾಧ್ಯಾಯರೂ ತಿಂಗಳಿಗೆ 50 ಸೆಂಟ್ ಕೊಡುವುದು. ಕಾಯಿಲೆಯಾದವರಿಗೆ ಆಸ್ಪತ್ರೆ 21 ದಿನಗಳವರೆಗೆ ಉಪಚಾರ ಮಾಡುವುದು. ಈ ಪುಟ್ಟ ಏರ್ಪಾಡಿನಿಂದಲೇ ಮುಂದೆ ಬ್ಲೂ ಕ್ರಾಸ್ ಎಂಬ ವಿಮಾ ಸಂಸ್ಥೆಗಳು ಬೆಳೆದವು. ನನ್ನಂಥ ಹಳೆಯ ಮೇಷ್ಟರಿಗೆ, ಇದರ ಮೂಲದಲ್ಲಿ ಮೇಷ್ಟರುಗಳ ಸಾಲವಿತ್ತೆಂಬುದು ಸಂತೋಷವೋ ಸಂಕೋಚವೋ ತಿಳಿಯದು.

ಆಮೇಲೆ ಎರಡನೆಯ ಮಹಾಯುದ್ಧ ಬಂತು. ಬೆಲೆ ಏರಬಾರದೆಂದು 1942ರಲ್ಲಿ ಸರ್ಕಾರ ಸಂಬಳಗಳನ್ನು ಕಟ್ಟಿಹಾಕಿತು. ಗಂಡಸರು ಯುದ್ಧಕ್ಕೆ ಹೋದದ್ದರಿಂದ ಕಾರ್ಖಾನೆಗಳಿಗೆ ಆಳುಗಳಿಲ್ಲ; ಹೆಚ್ಚು ಸಂಬಳ ತೋರಿಸಿ ಕರೆಯೋಣವೆಂದರೆ ಕಾನೂನು ಅಡ್ಡ. ಆದರೆ ವಿಮೆಯಂಥ ಸೌಲಭ್ಯಗಳು ಸಂಬಳದ ಲೆಕ್ಕಕ್ಕೆ ಸೇರುವುದಿಲ್ಲ ಎಂದಾಯಿತು. ಮಾಲೀಕರು ಆ ಕಿಂಡಿಯಿಂದ ನುಗ್ಗಿದರು. ಮಾಲೀಕ ಕಟ್ಟುವ ಕಂತಿನ ಮೇಲೆ ನೌಕರ ಆದಾಯ ತೆರಿಗೆ ಕೊಡಬೇಕಾಗಿಲ್ಲ ಎಂದು 1943ರಲ್ಲಿ ತೆರಿಗೆ ಇಲಾಖೆ ಹೇಳಿತು. 1954ರ ತೆರಿಗೆ ಶಾಸನ ಅದನ್ನು ಸ್ಥಿರಪಡಿಸಿತು. 1940ರಲ್ಲಿ ಹತ್ತು ಜನರಲ್ಲಿ ಒಬ್ಬರಿಗೂ ಸರಿಯಾಗಿ ಇಲ್ಲದಿದ್ದ ವಿಮೆ ಇಪ್ಪತ್ತು ವರ್ಷಗಳೊಳಗೆ ಹೆಚ್ಚಿನವರ ಕೈಗೆ ಬಂತು. ಯುದ್ಧ ಮುಗಿಯಿತು, ಸಂಬಳದ ಕಟ್ಟು ಸಡಿಲವಾಯಿತು. ಈ ಗಂಟು ಮಾತ್ರ ಉಳಿಯಿತು.

ಅದನ್ನು ಬಿಡಿಸಲು ಯತ್ನಿಸಿದವರು ಇಲ್ಲದಿಲ್ಲ. 1945ರ ನವೆಂಬರಿನಲ್ಲಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರು ಎಲ್ಲ ಪ್ರಜೆಗಳಿಗೂ ಸರ್ಕಾರವೇ ವಿಮೆ ಏರ್ಪಡಿಸಬೇಕೆಂದು ಸೂಚಿಸಿದರು. ವೈದ್ಯರ ಸಂಘ ಅದನ್ನು ಸಮಾಜವಾದದ ವೈದ್ಯವೆಂದು ಕರೆಯಿತು; 1949ರಲ್ಲಿ ಪ್ರತಿಯೊಬ್ಬ ಸದಸ್ಯರಿಂದ 25 ಡಾಲರ್ ಎತ್ತಿ, ಪ್ರಚಾರಕರನ್ನು ನೇಮಿಸಿ, ಅದನ್ನು ಮುಳುಗಿಸಿತು. ಇದನ್ನು ಎಲ್ಲರೂ ಹೇಳುತ್ತಾರೆ. ಅಷ್ಟಾಗಿ ಹೇಳದ ಇನ್ನೊಂದು ಮಾತಿದೆ. ಕಾರ್ಮಿಕ ಸಂಘಗಳು ಅಷ್ಟರಲ್ಲಿ ತಮ್ಮ ತಮ್ಮ ಮಾಲೀಕರೊಡನೆ ಒಪ್ಪಂದ ಮಾಡಿಕೊಂಡು ವಿಮೆ ಪಡೆಯತೊಡಗಿದ್ದವು. 1950ರಲ್ಲಿ ಜನರಲ್ ಮೋಟಾರ್ಸ್ ಕಂಪನಿ ವಿಮೆಯ ಅರ್ಧ ಖರ್ಚನ್ನು ಕೊಡಲೊಪ್ಪಿತು. ಸಿಕ್ಕಿದವರ ಕೂಗು ಸಹಜವಾಗಿಯೇ ತಗ್ಗಿತು. ಉಳಿದವರು ಯಾರು? ಮುದುಕರು, ಬಡವರು, ಕೆಲಸವಿಲ್ಲದವರು, ಸಣ್ಣ ಅಂಗಡಿಗಳಲ್ಲಿ ದುಡಿಯುವವರು. ಇವರಲ್ಲಿ ವೃದ್ಧರಿಗೂ ಕಡುಬಡವರಿಗೂ 1965ರಲ್ಲಿ ಮೆಡಿಕೇರ್ ಮತ್ತು ಮೆಡಿಕೇಡ್ ಎಂಬ ಎರಡು ಆಸರೆಗಳು ದೊರೆತವು. ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಟ್ರೂಮನ್ನರ ಊರಾದ ಇಂಡಿಪೆಂಡೆನ್ಸಿಗೇ ಹೋಗಿ, ಎಂಬತ್ತೊಂದು ವರ್ಷದ ಆ ವೃದ್ಧರ ಪಕ್ಕದಲ್ಲಿ ಕುಳಿತು ರುಜು ಹಾಕಿದರು. ಮೆಡಿಕೇರಿನ ಮೊದಲ ಚೀಟಿ ಟ್ರೂಮನ್ನರಿಗೇ ಸಂದಿತು.

ಸುಧಾರಣೆಯ ಮಾತು ಬಂದಾಗಲೆಲ್ಲ ಅಡ್ಡ ನಿಲ್ಲುವವರು ಬರಿಯ ಲೋಭಿಗಳು ಎಂದು ಮೊದಲು ನಾನು ತಿಳಿದಿದ್ದೆ. ಚರಿತ್ರೆ ಅಷ್ಟು ಸರಳವಲ್ಲ. 1974ರಲ್ಲಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರೇ, ಮಾಲೀಕರೆಲ್ಲರೂ ನೌಕರರಿಗೆ ವಿಮೆ ಕೊಡಲೇಬೇಕೆಂಬ ಯೋಜನೆಯನ್ನು ಮುಂದಿಟ್ಟರು. ಇನ್ನೂ ಹೆಚ್ಚಿನದನ್ನು ಬಯಸಿದ್ದ ಡೆಮಾಕ್ರಟಿಕ್ ಪಕ್ಷದ ಎಡ್ವರ್ಡ್ ಕೆನಡಿಯವರೊಡನೆ ಒಪ್ಪಂದ ಕೂಡಿಬರಲಿಲ್ಲ. ಅಂದು ಒಪ್ಪಬೇಕಾಗಿತ್ತೆಂದು ಕೆನಡಿಯವರು ಆಮೇಲೆ ವಿಷಾದಪಟ್ಟರೆಂದು ಬಲ್ಲವರು ಬರೆದಿದ್ದಾರೆ. ನಾನು ಅಲ್ಲಿದ್ದಾಗಲೇ, 2009ರ ಆಗಸ್ಟ್ 25ರಂದು, ಅವರು ತೀರಿಕೊಂಡರು. 1993ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರು ಮಾಲೀಕರ ಹೊಣೆಯನ್ನೇ ಆಧಾರವಾಗಿಟ್ಟುಕೊಂಡು ಮತ್ತೊಂದು ಯೋಜನೆ ತಂದರು. ವಿಮಾ ಕಂಪನಿಗಳ ಸಂಘ ಟೆಲಿವಿಷನ್ನಿನಲ್ಲಿ ಹ್ಯಾರಿ ಮತ್ತು ಲೂಯಿಸ್ ಎಂಬ ಗಂಡಹೆಂಡಿರನ್ನು ತೋರಿಸಿತು. ವಿಮೆ ಇರುವ ಆ ದಂಪತಿಗಳು ಅಡುಗೆಮನೆಯ ಮೇಜಿನ ಮುಂದೆ ಕುಳಿತು, ಇರುವುದೂ ಹೋದೀತೇ ಎಂದು ಚಿಂತಿಸುತ್ತಾರೆ. ಅದಕ್ಕಿಂತ ದೊಡ್ಡ ವಾದ ಬೇಕಾಗಲಿಲ್ಲ. 1994ರಲ್ಲಿ ಯೋಜನೆ ಬಿದ್ದುಹೋಯಿತು.

ಇದನ್ನೆಲ್ಲ ಓದಿದ ಮೇಲೆ, ದಕ್ಷಿಣ ಕೆರೊಲಿನದ ಆ ಮನುಷ್ಯನನ್ನು ಕುರಿತು ನಗು ಬರಲಿಲ್ಲ. ಅವನಿಗೆ ರಾಜ್ಯಶಾಸ್ತ್ರ ತಿಳಿಯದಿರಬಹುದು. ತನ್ನ ಕೈಯಲ್ಲಿರುವುದು ಏನೆಂಬುದು, ಅದು ಹೋದರೆ ತನ್ನ ಗತಿಯೇನೆಂಬುದು ಅವನಿಗೆ ಚೆನ್ನಾಗಿ ತಿಳಿದಿತ್ತು. ಅಳಿಯ ಕಾರ್ಖಾನೆಯನ್ನು ಅಂಟಿಕೊಂಡು ಕುಳಿತದ್ದಕ್ಕೂ ಅವನು ಸಭೆಯಲ್ಲಿ ಗುಡುಗಿದ್ದಕ್ಕೂ ಕಾರಣ ಒಂದೇ ಭಯ.

2010ರ ಮಾರ್ಚ್ 23ರಂದು ಒಬಾಮ ಅವರ ಮಸೂದೆ ಶಾಸನವಾಯಿತು. ಅದು ಗಂಟನ್ನು ಬಿಚ್ಚಲಿಲ್ಲ. ಗಂಟನ್ನು ಹಾಗೆಯೇ ಇಟ್ಟು, ಅದರ ಹೊರಗೆ ಉಳಿದವರಿಗೆ ಬೇರೆ ದಾರಿ ಮಾಡಿತು. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಪೂರ್ಣಕಾಲದ ನೌಕರರಿರುವ ಮಾಲೀಕರು ವಿಮೆ ಕೊಡಬೇಕು, ಇಲ್ಲವೆ ದಂಡ ತೆರಬೇಕು. ಮಕ್ಕಳು 26 ವರ್ಷ ತುಂಬುವವರೆಗೆ ತಂದೆತಾಯಿಗಳ ವಿಮೆಯಲ್ಲಿ ಇರಬಹುದು. ರೋಗ ಮೊದಲೇ ಇತ್ತೆಂಬ ಕಾರಣಕ್ಕಾಗಿ 2014ರಿಂದ ಯಾರಿಗೂ ವಿಮೆ ನಿರಾಕರಿಸುವಂತಿಲ್ಲ. ಇದಕ್ಕೆ ಪ್ರತಿಯಾಗಿ, ಆರೋಗ್ಯವಂತರೂ ವಿಮೆ ಕೊಳ್ಳಲೇಬೇಕು. ಕಾಯಿಲೆಯಾದ ಮೇಲೆಯೇ ಎಲ್ಲರೂ ಬಂದು ಸೇರಿದರೆ ಯಾವ ನಿಧಿಯೂ ಉಳಿಯದಷ್ಟೆ.

ವಾದಗಳು ಎರಡು ಕಡೆಯೂ ಬಲವಾಗಿದ್ದವು. ಸರ್ಕಾರ ಪ್ರಜೆಯನ್ನು ಹಿಡಿದು ಒಂದು ಸರಕನ್ನು ಕೊಳ್ಳೆಂದು ಬಲವಂತ ಮಾಡಬಹುದೆ? ಇದು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 2012ರ ಜೂನ್ 28ರಂದು ಐವರು ಒಪ್ಪಿ ನಾಲ್ವರು ಒಪ್ಪದೆ ಶಾಸನ ಉಳಿಯಿತು. ನಲವತ್ತೊಂಬತ್ತು ಜನರಿರುವ ಅಂಗಡಿಯವನು ಐವತ್ತನೆಯವನನ್ನು ಸೇರಿಸಿಕೊಳ್ಳಲು ಹಿಂಜರಿಯುವುದಿಲ್ಲವೆ? ವಾರಕ್ಕೆ 30 ಗಂಟೆ ದುಡಿದವನನ್ನು ಪೂರ್ಣಕಾಲದವನೆಂದು ಎಣಿಸಿದರೆ, ಅವನಿಗೆ 29 ಗಂಟೆಗಳ ಕೆಲಸವೇ ಗತಿಯಾಗುವುದಿಲ್ಲವೆ? ಮಾಲೀಕನ ಧರ್ಮಶ್ರದ್ಧೆಗೆ ವಿರುದ್ಧವಾದ ಗರ್ಭನಿರೋಧಕ ಸಾಧನಗಳಿಗೂ ಅವನು ಕೊಡಿಸುವ ವಿಮೆಯಿಂದ ಹಣ ಹೋಗಬೇಕೆ? 2014ರಲ್ಲಿ ಹಾಬಿ ಲಾಬಿ ಎಂಬ ಅಂಗಡಿಗಳ ಒಡೆಯರು ಈ ಕಡೆಯ ಪ್ರಶ್ನೆಯನ್ನೆತ್ತಿ ಗೆದ್ದರು. ಆರೋಗ್ಯವನ್ನು ನೌಕರಿಗೆ ಕಟ್ಟಿದಾಗ ಮಾಲೀಕನ ಮನಸ್ಸಾಕ್ಷಿಯೂ ನೌಕರಳ ಔಷಧದ ಚೀಟಿಯೊಳಗೆ ಬಂದು ಕುಳಿತುಕೊಳ್ಳುತ್ತದೆ.

ಈ ಗದ್ದಲದಲ್ಲಿ ಒಂದು ಸತ್ಯ ಮಾತ್ರ ಬಹಳ ಹಿಂದೆ ಉಳಿಯಿತು. 2009ರಲ್ಲಿ ಮಾಲೀಕರ ಮೂಲಕ ಬರುವ ಕುಟುಂಬ ವಿಮೆಯ ಸರಾಸರಿ ವಾರ್ಷಿಕ ಬೆಲೆ 13,375 ಡಾಲರ್. ಅದರಲ್ಲಿ ನೌಕರನ ಸಂಬಳದಿಂದ ಹಿಡಿಯುತ್ತಿದ್ದದ್ದು 3,515. 2024ರಲ್ಲಿ ಒಟ್ಟು ಬೆಲೆ 25,572ಕ್ಕೆ ಏರಿತ್ತು. ಉಳಿದ ದೊಡ್ಡ ಪಾಲನ್ನು ಮಾಲೀಕ ಕೊಡುತ್ತಾನೆ ಎಂದು ನೌಕರ ನಂಬುತ್ತಾನೆ. ಅರ್ಥಶಾಸ್ತ್ರಜ್ಞರು ಬೇರೆ ವಿಷಯಗಳಲ್ಲಿ ಎಷ್ಟೇ ಕಾದಾಡಲಿ, ಆ ಹಣವೂ ಬಹುಮಟ್ಟಿಗೆ ನೌಕರನ ಸಂಬಳವೇ ಎಂಬುದನ್ನು ಹೆಚ್ಚಿನವರು ಒಪ್ಪುತ್ತಾರೆ. ಅವನ ಕೈಗೆ ಬಾರದೆ ವಿಮೆಗೆ ಹೋಯಿತು, ಅಷ್ಟೆ. ತೆರಿಗೆಯ ವಿನಾಯಿತಿಯ ಲಾಭವೂ ಹೆಚ್ಚು ಸಂಬಳದವನಿಗೇ ಹೆಚ್ಚು. ಬಹು ದುಬಾರಿ ವಿಮೆಗಳ ಮೇಲೆ ತೆರಿಗೆ ಹಾಕಿ ಇದನ್ನು ಸ್ವಲ್ಪ ಸರಿಪಡಿಸಲು 2010ರ ಶಾಸನದಲ್ಲಿ ಒಂದು ವಿಧಿಯಿತ್ತು. ಮಾಲೀಕರೂ ಕಾರ್ಮಿಕ ಸಂಘಗಳೂ ಒಟ್ಟಾಗಿ ಅದನ್ನು ವಿರೋಧಿಸಿದರು. ಅದು ಮುಂದಕ್ಕೆ, ಮುಂದಕ್ಕೆ ಹೋಗಿ, ಒಂದು ದಿನವೂ ಜಾರಿಗೆ ಬರದೆ 2019ರ ಡಿಸೆಂಬರಿನಲ್ಲಿ ರದ್ದಾಯಿತು. ಬೆಲೆ ಕಾಣದಿರುವುದೇ ಎಲ್ಲರಿಗೂ ಅನುಕೂಲ.

ಬೆಲೆಯನ್ನು ಮುಚ್ಚಿಟ್ಟದ್ದರ ಫಲವನ್ನು ನಾನು ಒಂದೇ ಕಮ್ಮಟದಲ್ಲಿ ಕಂಡೆ.

2014ರ ಜನವರಿಯಲ್ಲಿ ಹೊಸ ನಿಯಮ ಪೂರ್ತಿಯಾಗಿ ಬಂದ ಮೇಲೆ ನನ್ನ ಅಳಿಯ ಕಾರ್ಖಾನೆ ಬಿಟ್ಟು ಗೆಳೆಯನೊಡನೆ ಸೇರಿದ. ಮೊಮ್ಮಗನಿಗೆ ವಿಮೆ ದೊರೆಯಿತು. ರೋಗವಿದೆಯೇ ಎಂದು ಯಾರೂ ಕೇಳಲಿಲ್ಲ. ಮಗಳು ದೂರವಾಣಿಯಲ್ಲಿ ಆ ಸುದ್ದಿ ಹೇಳುವಾಗ ಅವಳ ದನಿಯಲ್ಲಿ ಐದು ವರ್ಷಗಳ ಭಾರ ಇಳಿದಿತ್ತು. ಮರುವರ್ಷ ನಾನು ಮತ್ತೆ ಅಲ್ಲಿಗೆ ಹೋದಾಗ ಒಂದು ಮಧ್ಯಾಹ್ನ ಆ ಕಮ್ಮಟದಲ್ಲಿ ಕುಳಿತಿದ್ದೆ. ಶಾಸನದ ಮಾತು ತಾನಾಗಿ ಬಂತು. ಗೆಳೆಯನ ಮುಖ ಬಿಗಿಯಿತು.

ಅವನ ಕಥೆ ಬೇರೆ. ಐವತ್ತು ದಾಟಿದ ಗಟ್ಟಿ ಆಳು ಅವನು. ಬಹಳ ವರ್ಷಗಳಿಂದ ತಾನೇ ಕೊಂಡುಕೊಂಡಿದ್ದ ಅಗ್ಗದ ವಿಮೆಯೊಂದು ಅವನಿಗಿತ್ತು. ಈಗಿರುವ ವಿಮೆ ಇಷ್ಟವಿದ್ದವರು ಅದನ್ನೇ ಉಳಿಸಿಕೊಳ್ಳಬಹುದೆಂದು ಅಧ್ಯಕ್ಷರು ಮೇಲಿಂದ ಮೇಲೆ ಮಾತು ಕೊಟ್ಟಿದ್ದರು. 2013ರ ಕೊನೆಯಲ್ಲಿ ಹತ್ತಾರು ಲಕ್ಷ ಜನರಿಗೆ, ಅವರ ವಿಮೆ ಹೊಸ ನಿಯಮಕ್ಕೆ ಹೊಂದದ್ದರಿಂದ ರದ್ದಾಗುವುದೆಂಬ ಕಾಗದ ಬಂತು. ಅಧ್ಯಕ್ಷರು ಆ ನವೆಂಬರಿನಲ್ಲಿ ಕ್ಷಮೆ ಕೇಳಿದರು. ಕಾಗದ ಬಂದವರಲ್ಲಿ ಈ ಗೆಳೆಯನೂ ಒಬ್ಬ. ಹೊಸ ವಿಮೆಗೆ ಹಿಂದಿನದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಬೆಲೆ. ಆದಾಯ ಬಡತನದ ರೇಖೆಯ ನಾಲ್ಕು ಪಟ್ಟನ್ನು ದಾಟಿದವರಿಗೆ ಆಗ ಸರ್ಕಾರದ ಸಹಾಯಧನವಿರಲಿಲ್ಲ. ಇವನು ಸ್ವಲ್ಪವೇ ದಾಟಿದ್ದ.

ಅವನು ನನಗೆ ಹೇಳಿದ್ದರ ಸಾರಾಂಶ ಇದು. "ನಿಮ್ಮ ಮೊಮ್ಮಗನನ್ನು ನಾನು ಎತ್ತಿ ಆಡಿಸಿದ್ದೇನೆ. ಅವನ ಔಷಧಕ್ಕಾಗಿ ನಾನು ಹೆಚ್ಚು ಕೊಡಬೇಕು ಎಂದು ಎದುರಿಗೆ ಬಂದು ಕೇಳಿದ್ದರೆ ಕೊಡುತ್ತಿದ್ದೆ. ನಿನಗೆ ಏನೂ ನಷ್ಟವಿಲ್ಲ ಎಂದು ಹೇಳಿ ತೆಗೆದುಕೊಂಡರು. ಅದನ್ನು ನಾನು ಒಪ್ಪಲಾರೆ." ಅಳಿಯ ತಲೆ ತಗ್ಗಿಸಿ ಯಂತ್ರದ ಎಣ್ಣೆ ಒರೆಸುತ್ತಿದ್ದ. ಆ ಶಾಸನ ಇಲ್ಲದಿದ್ದರೆ ಅವನು ಅಲ್ಲಿ ಇರುತ್ತಿರಲಿಲ್ಲ. ಒಬ್ಬರು ಸರಿ, ಒಬ್ಬರು ತಪ್ಪು ಎಂದು ತೀರ್ಪು ಕೊಡುವ ಧೈರ್ಯ ನನಗಾಗಲಿಲ್ಲ. ಇಬ್ಬರೂ ಇಂದಿಗೂ ಬೇರೆ ಬೇರೆ ಪಕ್ಷಗಳಿಗೆ ಮತ ಹಾಕುತ್ತಾರೆ. ಪಾಲುದಾರಿಕೆ ಮಾತ್ರ ಮುರಿದಿಲ್ಲ.

ದೇಶದ ಜಗಳವೂ ಮುಗಿದಿಲ್ಲ. 2017ರ ಜುಲೈ 28ರ ನಡುರಾತ್ರಿ ಕಳೆದ ಮೇಲೆ ಸೆನೆಟ್ ಸಭೆಯಲ್ಲಿ ಶಾಸನದ ಮುಖ್ಯಭಾಗಗಳನ್ನು ಕಿತ್ತುಹಾಕುವ ಮಸೂದೆ ಬಂದಾಗ, ಮೆದುಳಿನ ಕ್ಯಾನ್ಸರಿಗೆ ಗುರಿಯಾಗಿದ್ದ ಜಾನ್ ಮೆಕೇನ್ ಅವರು ಸ್ವಪಕ್ಷಕ್ಕೆ ವಿರುದ್ಧವಾಗಿ ಹೆಬ್ಬೆರಳನ್ನು ಕೆಳಗೆ ಮಾಡಿ ಅದನ್ನು ಸೋಲಿಸಿದರು. ಅದೇ ವರ್ಷದ ತೆರಿಗೆ ಶಾಸನ, ವಿಮೆ ಕೊಳ್ಳದವರಿಗಿದ್ದ ದಂಡವನ್ನು 2019ರಿಂದ ಸೊನ್ನೆಗಿಳಿಸಿತು. 2020ರ ಏಪ್ರಿಲ್ ಒಂದೇ ತಿಂಗಳಲ್ಲಿ, ಸಾಂಕ್ರಾಮಿಕ ಹಬ್ಬಿದ್ದಾಗ, ಅಲ್ಲಿ ಎರಡು ಕೋಟಿಗೂ ಹೆಚ್ಚು ಉದ್ಯೋಗಗಳು ಹೋದವು. ವಿಮೆ ಅತ್ಯಗತ್ಯವಾದ ಹೊತ್ತಿಗೇ ವಿಮೆ ಕೊಡಿಸುವ ನೌಕರಿ ಹೋಗುವುದೆಂದರೇನು ಎಂಬುದು ಆಗ ಎಲ್ಲರಿಗೂ ಅರ್ಥವಾಯಿತು. 2025ರ ಅಕ್ಟೋಬರ್ 1ರಿಂದ 43 ದಿನ ಒಕ್ಕೂಟ ಸರ್ಕಾರದ ಹಲವು ಕಚೇರಿಗಳು ಮುಚ್ಚಿದವು. ವಿಮೆಯ ಸಹಾಯಧನವನ್ನು ಮುಂದುವರಿಸಬೇಕೇ ಎಂಬುದು ಆ ಹಗ್ಗಜಗ್ಗಾಟದ ಮುಖ್ಯ ವಿಷಯವಾಗಿತ್ತು. ವಿಮೆಯಿಲ್ಲದವರ ಸಂಖ್ಯೆ 2010ರಲ್ಲಿ ನಾಲ್ಕೂವರೆ ಕೋಟಿಯನ್ನು ಮೀರಿದ್ದುದು 2023ರ ವೇಳೆಗೆ ಸುಮಾರು 2.6 ಕೋಟಿಗೆ ಇಳಿದಿತ್ತು. ಇದು ಸಣ್ಣ ಸಾಧನೆಯಲ್ಲ. ಸುಮಾರು ಹದಿನೈದು ಕೋಟಿ ಜನರ ವಿಮೆ ಮಾತ್ರ ಹಳೆಯ ಗಂಟಿನಲ್ಲಿಯೇ ಇದೆ.

ಇದು ದೂರದ ದೇಶದ ಕಥೆ ಎಂದು ನಾವು ನಿಶ್ಚಿಂತರಾಗುವಂತಿಲ್ಲ. ನಮ್ಮಲ್ಲೂ ನೌಕರರ ರಾಜ್ಯವಿಮಾ ಶಾಸನ 1948ರಲ್ಲಿ ಬಂತು; 1952ರ ಫೆಬ್ರವರಿ 24ರಂದು ನೆಹರೂ ಅವರು ಕಾನ್ಪುರದಲ್ಲಿ ಅದನ್ನು ಉದ್ಘಾಟಿಸಿದರು. ದಾವಣಗೆರೆಯ ಗಿರಣಿಯೊಂದರಲ್ಲಿದ್ದ ನನ್ನ ಚಿಕ್ಕಪ್ಪ ಆ ವಿಮೆಯ ಚೀಟಿಯನ್ನು ದೇವರ ಪಟದ ಹಿಂದೆ ಇಟ್ಟಿರುತ್ತಿದ್ದರು. ಗಿರಣಿ ಮುಚ್ಚಿತು, ಸ್ವಲ್ಪ ಕಾಲದ ಮೇಲೆ ಚೀಟಿಗೂ ಬೆಲೆ ಇಲ್ಲದಾಯಿತು. ಹೊಲದಲ್ಲಿ ದುಡಿಯುತ್ತಿದ್ದ ಅವರ ಅಣ್ಣನಿಗೆ ಅಂಥ ಚೀಟಿ ಮೊದಲಿನಿಂದಲೂ ಇರಲಿಲ್ಲ. ಅಂಥವರಿಗೆಂದು ನಮ್ಮ ರಾಜ್ಯದಲ್ಲಿ 2003ರಲ್ಲಿ ಸಹಕಾರ ಸಂಘಗಳ ಸದಸ್ಯರು ತಿಂಗಳಿಗೆ 5 ರೂಪಾಯಿಯಂತೆ ಕೂಡಿಸಿ ಯಶಸ್ವಿನಿ ಯೋಜನೆಗೆ ಸೇರಿದರು. ಇಲ್ಲಿ ನಂಟು ಮಾಲೀಕನೊಡನೆ ಅಲ್ಲ, ನೆರೆಯವನೊಡನೆ. ಆ ಯೋಜನೆಯೂ 2018ರಲ್ಲಿ ಬೇರೊಂದರಲ್ಲಿ ಸೇರಿಹೋಗಿ, 2022ರಲ್ಲಿ ಅದಕ್ಕೆ ಮತ್ತೆ ನೋಂದಣಿ ಆರಂಭವಾಯಿತು. ನಡುವಣ ವರ್ಷಗಳಲ್ಲಿ ಹಳ್ಳಿಗಳಲ್ಲಿ ಕೇಳಿಬಂದ ಪ್ರಶ್ನೆಯೂ ಅದೇ: ಇದ್ದದ್ದು ಹೋಯಿತೆ?

ಕಾಯಿಲೆ ಯಾವ ಕಾರ್ಖಾನೆಯ ಹಾಜರಿ ಪುಸ್ತಕವನ್ನೂ ನೋಡಿಕೊಂಡು ಬರುವುದಿಲ್ಲ. ಆದ್ದರಿಂದ ಅದರ ಖರ್ಚನ್ನು ಎಲ್ಲರೂ ಹಂಚಿಕೊಳ್ಳುವುದೇ ನ್ಯಾಯವೆಂದು ನಾನು ನಂಬಿದ್ದೇನೆ. ನನ್ನ ಮೊಮ್ಮಗನನ್ನು ನೋಡಿದ ಮೇಲೆ ಬೇರೆ ನಂಬಿಕೆ ನನಗೆ ಸಾಧ್ಯವೂ ಇಲ್ಲ. ಆದರೆ ಹಂಚುವವರು ಲೆಕ್ಕವನ್ನು ಬಿಚ್ಚಿ ತೋರಿಸಬೇಕು. ಯಾರಿಂದ ಎಷ್ಟು, ಯಾರಿಗಾಗಿ ಎಂಬುದನ್ನು ಮೊದಲೇ ಹೇಳಬೇಕು. ಕಮ್ಮಟದ ಆ ಗೆಳೆಯ ಕೇಳಿದ್ದು ಇಷ್ಟನ್ನೇ.

ಮೊಮ್ಮಗನಿಗೆ ಈಗ ಇಪ್ಪತ್ತು ದಾಟಿದೆ. ಕೆಲಸ ಹುಡುಕುವ ವಯಸ್ಸು ಬಂತು. ಹೋದ ಸಲ ಮಾತನಾಡಿದಾಗ, "ಎಂಥ ಕೆಲಸ ನೋಡುತ್ತಿದ್ದೀಯಪ್ಪ?" ಎಂದು ಕೇಳಿದೆ. "ಮೊದಲು ವಿಮೆ ಹೇಗಿದೆ ಅಂತ ನೋಡ್ತೇನೆ, ತಾತ. ಕೆಲಸ ಆಮೇಲೆ" ಎಂದ.